ತೋಳ ಏನು ತಿಂದಿದೆ? ಹಿಕ್ಕೆ ನೋಡಿ ತಿಳಿಯುವ ಬಗೆ

ಕಾಡುಪ್ರಾಣಿ ಸಂಶೋಧನೆ ಅಂದ ಕೂಡಲೇ ನಮ್ಮ ಹುಡುಗರಿಗೆ ಜೀಪು, ಡ್ರೋನು, ರೇಡಿಯೊ ಕಾಲರ್ ನೆನಪಾಗುತ್ತವೆ. ನಾನು ಕಡೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ನಮ್ಮ ಲ್ಯಾಬಿನಲ್ಲಿ ಇರುವುದು ಹಳೆಯ ಮೈಕ್ರೋಸ್ಕೋಪು, ಒಂದು ಓವನ್, ಎರಡು ಜರಡಿ. ತೋಳ ಏನು ತಿಂದಿದೆ ಅಂತ ಹೇಳೋಕೆ ಇಷ್ಟು ಸಾಕು. ಬೇಕಾಗಿರುವುದು ಅದರ ಹಿಕ್ಕೆ.

ಮೂಗು ಮುರಿಯಬೇಡಿ. ದಕ್ಷಿಣ ಅಮೆರಿಕದ ಮೇನ್ಡ್ ವುಲ್ಫ್ (ನಾಯಿಯ ಬಳಗದ್ದೇ, ತೋಳ ಅನ್ನುವುದು ಹೆಸರಿಗಷ್ಟೇ) ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಬಹಳಷ್ಟು ಬಂದಿದ್ದು ಹಿಕ್ಕೆಯಿಂದಲೇ. ಕೆಂಚು ಬಣ್ಣ, ಉದ್ದುದ್ದ ಕಾಲು, ಭುಜದ ಹತ್ತಿರ ಸುಮಾರು 90 ಸೆಂ.ಮೀ. ಎತ್ತರ. ತೂಕ ಮಾತ್ರ 20ರಿಂದ 30 ಕೆ.ಜಿ. 2020ರಲ್ಲಿ ಬ್ರೆಜಿಲ್ ತನ್ನ 200 ರಿಯಾಲ್ ನೋಟಿನ ಮೇಲೆ ಇದರ ಚಿತ್ರ ಹಾಕಿತು. ಆದರೆ ಇದು ಕತ್ತಲಾದ ಮೇಲೆ ಎತ್ತರದ ಹುಲ್ಲಿನಲ್ಲಿ ಒಂಟಿಯಾಗಿ ತಿರುಗುವ ಪ್ರಾಣಿ. ಕಣ್ಣಿಗೆ ಬೀಳುವುದೇ ಕಷ್ಟ. ಜೇಮ್ಸ್ ಡೀಟ್ಸ್ ಎಂಬ ವಿಜ್ಞಾನಿ ಬ್ರೆಜಿಲ್‌ನ ಸೆರ್ರಾ ದ ಕನಾಸ್ತ್ರ ರಾಷ್ಟ್ರೀಯ ಉದ್ಯಾನದಲ್ಲಿ ಕಾಲರ್ ಹಾಕಿ ಹಿಂಬಾಲಿಸಿದ್ದಲ್ಲದೆ ಹಿಕ್ಕೆಯನ್ನೂ ಆರಿಸಿದರು. 1984ರಲ್ಲಿ ಅವರ ವರದಿ ಬಂತು. ಈ 'ತೋಳ'ದ ಊಟದಲ್ಲಿ ಹೆಚ್ಚುಕಮ್ಮಿ ಅರ್ಧ ಹಣ್ಣು, ಸೊಪ್ಪು! ಅದರಲ್ಲೂ ಲೊಬೆಯಿರಾ ಅಂತ ನಮ್ಮ ಬದನೆಯ ಕುಟುಂಬದ ಹಣ್ಣು ಅಂದರೆ ಪ್ರಾಣ. ಮಾಂಸವನ್ನೇ ಜಾಸ್ತಿ ಹಾಕಿ ಸಾಕಿದ ಝೂಗಳಲ್ಲಿ ಇವುಗಳ ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ತೊಂದರೆ ಕಾಣಿಸಿತ್ತು. ಆಮೇಲೆ ಊಟದ ಲೆಕ್ಕವೇ ಬದಲಾಯಿತು.

ಬ್ರೆಜಿಲ್‌ನ ಸೆರಾಡೊ ಹುಲ್ಲುಗಾಡು ಸೋಯಾ ಹೊಲವಾಗುತ್ತಿದೆ. ಅಮೃತಮಹಲ್ ದನ ಮೇಯಲು ಬಿಟ್ಟ ನಮ್ಮ ಹುಲ್ಲುಗಾವಲುಗಳ, ಅಂದರೆ ಅಮೃತಮಹಲ್ ಕಾವಲುಗಳ ಪಾಡೂ ಬೇರೆ ಏನಲ್ಲ. ಹುಲ್ಲು ಇದ್ದರೆ ಪಾಳುಭೂಮಿ, ಮರ ನೆಟ್ಟರೆ ಕಾಡು ಅನ್ನುವ ಲೆಕ್ಕ ನಮ್ಮವರಿಗೆ. ಪುಣ್ಯಕ್ಕೆ ಕಡೂರು ತಾಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಕೃಷ್ಣಮೃಗ ಇದೆ, ತೋಳವೂ ಇದೆ.

ಮೊದಲು ಅನುಮತಿ. ಮೀಸಲು ಪ್ರದೇಶದಲ್ಲಿ ಹಿಕ್ಕೆ ಆರಿಸಿ ಚೀಲಕ್ಕೆ ಹಾಕಿಕೊಂಡು ಬರುವ ಹಾಗಿಲ್ಲ. ಕಾಲೇಜಿನ ಪತ್ರ ಹಿಡಿದು ಅರಣ್ಯ ಇಲಾಖೆಗೆ ಹೋಗಿ, ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಒಪ್ಪಿಗೆ ಇಲ್ಲದವರು ಊರ ಗಾಡಿದಾರಿಯಲ್ಲಿ ಸುಮ್ನೆ ಫೋಟೊ ತೆಗೆಯಿರಿ, ಮುಟ್ಟಬೇಡಿ. ಅದೂ ಕೆಲಸಕ್ಕೆ ಬರುತ್ತದೆ.

ಹೋಗುವ ಕಾಲ ಡಿಸೆಂಬರಿನಿಂದ ಮಾರ್ಚ್. ಮಳೆಗಾಲದಲ್ಲಿ ಹಿಕ್ಕೆ ಕರಗುತ್ತದೆ, ಸಗಣಿ ಹುಳುಗಳೂ ಬಿಡುವುದಿಲ್ಲ. ಪೊದೆ ನುಗ್ಗಿ ಹುಡುಕಬೇಡಿ, ದಾರಿ ಹಿಡಿದು ನಡೆಯಿರಿ. ತೋಳ, ನರಿ ಎಲ್ಲ ನಮ್ಮ ಹಾಗೇ ಸಲೀಸಾದ ದಾರಿಯಲ್ಲಿ ಓಡಾಡುತ್ತವೆ. ಎರಡು ದಾರಿ ಕೂಡುವ ಕಡೆ, ಎದ್ದು ಕಾಣುವ ಕಲ್ಲಿನ ಮೇಲೆ, ಹುಲ್ಲಿನ ಗುಪ್ಪೆಯ ಮೇಲೆ ಬೇಕಂತಲೇ ಹಿಕ್ಕೆ ಹಾಕುತ್ತವೆ. 'ಇದು ನಮ್ಮ ಜಾಗ' ಅಂತ ಬೋರ್ಡು. ಮೇನ್ಡ್ ವುಲ್ಫ್ ಕೂಡ ಹೀಗೇ ಎತ್ತರದ ಜಾಗ ಹುಡುಕುತ್ತದೆ, ಹುತ್ತವನ್ನೂ ಬಿಡುವುದಿಲ್ಲ. ಇನ್ನೊಂದು ಮಾತು: ನಮ್ಮ ತೋಳ ಮರಿ ಹಾಕುವುದು ಚಳಿಗಾಲದಲ್ಲೇ. ಗವಿ, ಬಿಲ ಕಂಡರೆ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಬನ್ನಿ.

ಯಾರದ್ದು ಅಂತ ಗುರುತಿಸುವುದೇ ದೊಡ್ಡ ತಲೆನೋವು. ತೋಳದ್ದು ಹೆಬ್ಬೆರಳ ದಪ್ಪ, ತುದಿ ಚೂಪು. ಮುರಿದರೆ ಕೂದಲು ಹುರಿಗೊಂಡಿರುತ್ತದೆ, ನಡುವೆ ಮೂಳೆಯ ಚೂರು. ಒಣಗಿದ ಮೇಲೆ ಮೂಳೆಯ ಸುಣ್ಣಕ್ಕೆ ಬೆಳ್ಳಗಾಗುತ್ತದೆ. ನಾಯಿಯದ್ದು ಸಾಮಾನ್ಯವಾಗಿ ನುಣುಪು. ಅನ್ನ, ಮುದ್ದೆ ತಿಂದ ಗುರುತು, ಎಷ್ಟೋ ಸಲ ಪ್ಲಾಸ್ಟಿಕ್. ಬಾಲದ ತುದಿ ಕಪ್ಪಗಿರುವ ಸಣ್ಣ ನರಿಯದ್ದು ಕಿರುಬೆರಳಿನಷ್ಟು, ಅದರಲ್ಲಿ ಎಲಚಿ ಬೀಜ, ಜೀರುಂಡೆಯ ರೆಕ್ಕೆ. ಕಷ್ಟ ಏನೆಂದರೆ, ಕುರಿ ಕಾಯುವ ನಾಯಿ ಸತ್ತ ಕುರಿ ತಿಂದರೆ ಅದರ ಹಿಕ್ಕೆ ತೋಳದ್ದರ ಹಾಗೇ ಕಾಣುತ್ತದೆ. ಖಚಿತ ಆಗಬೇಕಾದರೆ ಡಿಎನ್‌ಎ ಪರೀಕ್ಷೆಯೇ ಗತಿ. ನಮ್ಮಂಥವರು ಪಕ್ಕದಲ್ಲಿ ಹೆಜ್ಜೆ ಇದೆಯಾ ನೋಡಬೇಕು, ಅನುಮಾನ ಬಂದರೆ 'ಅನುಮಾನ' ಅಂತಲೇ ಬರೆಯಬೇಕು. ಬ್ರೆಜಿಲ್‌ನ ಎಮಾಸ್ ರಾಷ್ಟ್ರೀಯ ಉದ್ಯಾನದ ಸುತ್ತ ಈ ಕೆಲಸಕ್ಕೆ ನಾಯಿಗಳನ್ನೇ ತಯಾರು ಮಾಡಿದರು. ಮೇನ್ಡ್ ವುಲ್ಫ್, ಜಾಗ್ವಾರ್ ಹಿಕ್ಕೆ ಎಲ್ಲಿದ್ದರೂ ಮೂಸಿ ಹುಡುಕುತ್ತವೆ. ನಾವಂತೂ ಮೂಸಬಾರದು.

ಯಾಕೆ ಅಂತ ಕುರಿ ಸಾಕುವವರಿಗೆ ಗೊತ್ತು. ಕುರಿಯ ಈಲಿ ಕೊಯ್ದಾಗ ನೀರು ತುಂಬಿದ ಗುಳ್ಳೆ ಸಿಗುತ್ತವಲ್ಲ, ಆ ಗುಳ್ಳೆ ಕಟ್ಟಿಸುವ ಲಾಡಿಹುಳದ ಮೊಟ್ಟೆ ನಾಯಿ, ತೋಳದ ಹಿಕ್ಕೆಯಲ್ಲಿ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮನುಷ್ಯರಿಗೂ ಅಂಟುತ್ತದೆ. ಗ್ಲೌಸ್, ಮಾಸ್ಕ್ ಹಾಕದ ಹುಡುಗರನ್ನು ನಾನು ಗಾಡಿ ಹತ್ತಿಸುವುದಿಲ್ಲ. ಸಿಕ್ಕಿದ್ದನ್ನು ಕಾಗದದ ಕವರಿಗೆ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಬೂಸ್ಟು ಹಿಡಿಯುತ್ತದೆ. ಎತ್ತುವ ಮೊದಲು ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ತಾರೀಖು, ಜಾಗ, ಹಸಿಯೋ ಒಣಗಿದ್ದೋ ಎಲ್ಲ ಕವರಿನ ಮೇಲೆ ಪೆನ್ಸಿಲಿನಲ್ಲಿ. ಲೊಕೇಶನ್ ಮಾತ್ರ ವಾಟ್ಸಾಪಿಗೆ ಹಾಕಬೇಡಿ. ನಾಯಿಯ ಹಿಕ್ಕೆ ಎಷ್ಟು ಸಿಕ್ಕಿತು ಅನ್ನುವುದನ್ನೂ ಎಣಿಸಿ. ಡಿಸ್ಟೆಂಪರ್, ಪಾರ್ವೊ ಎಂಬ ನಾಯಿರೋಗಗಳು, ಕಜ್ಜಿ ಮೇನ್ಡ್ ವುಲ್ಫ್‌ಗೆ ಹರಡುವುದು ಊರ ನಾಯಿಗಳಿಂದ. ಕಾವಲಿನ ತೋಳಕ್ಕೂ ಅದೇ ಭಯ.

ಲ್ಯಾಬಿಗೆ ಬಂದ ಮೇಲೆ ಕವರ್ ಸಮೇತ ಓವನ್‌ನಲ್ಲಿ 80 ಡಿಗ್ರಿಗೆ ಇಡೀ ದಿನ ಇಡಿ. ಮನೆಯ ಫ್ರಿಜ್ಜಿನಲ್ಲಿಟ್ಟರೆ ಆ ಲಾಡಿಹುಳದ ಮೊಟ್ಟೆ ಸಾಯುವುದಿಲ್ಲ. ಆಮೇಲೆ ಬಿಸಿನೀರಿನಲ್ಲಿ ನೆನೆಹಾಕಿ, ಸಣ್ಣ ಕಣ್ಣಿನ ಜರಡಿಯಲ್ಲಿ ನಲ್ಲಿ ಕೆಳಗೆ ತೊಳೆಯಿರಿ. ಕೂದಲು, ಮೂಳೆ, ಬೀಜ, ಹುಳುವಿನ ಚಿಪ್ಪು ಉಳಿಯುತ್ತವೆ. ಪೇಪರಿನ ಮೇಲೆ ಹರಡಿ ಒಣಗಿಸಿ.

ಕೂದಲಿನ ಕೆಲಸ ನನಗೆ ಬಹಳ ಇಷ್ಟ. ಪ್ರತಿ ಹಿಕ್ಕೆಯಿಂದ ಕಣ್ಣು ಮುಚ್ಚಿ 20 ಕೂದಲು ತೆಗೆಯಿರಿ. ಗಾಜಿನ ಮೇಲೆ ತೆಳ್ಳಗೆ ನೇಲ್ ಪಾಲಿಶ್ ಹಚ್ಚಿ ಕೂದಲು ಇಟ್ಟು, ಒಣಗಿದ ಮೇಲೆ ಎಳೆಯಿರಿ. ಕೂದಲಿನ ಹೊರ ಹೊದಿಕೆಯ ಅಚ್ಚು ಉಳಿಯುತ್ತದೆ. ಒಳಗಿನ ತಿರುಳು ನೋಡೋಕೆ ಕೂದಲನ್ನೇ ಮೈಕ್ರೋಸ್ಕೋಪಿನ ಕೆಳಗೆ ಇಡಿ. ಮೊಲದ ಕೂದಲಾದರೆ ಮುಸುಕಿನ ಜೋಳದ ತೆನೆಯ ಹಾಗೆ ಸಾಲು ಸಾಲು ಕೋಣೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಕುರಿಯದ್ದು ಅಷ್ಟು ಸುಲಭ ಅಲ್ಲ. ನಯವಾದ ಉಣ್ಣೆಯಲ್ಲಿ ತಿರುಳು ಇರುವುದಿಲ್ಲ, ನಮ್ಮ ಕಡೆ ಕುರಿಯ ಒರಟು ಕೂದಲಿನಲ್ಲಿ ಇರುತ್ತದೆ. ಅದಕ್ಕೇ ಪುಸ್ತಕದ ಚಿತ್ರ ನಂಬದೆ, ಊರಿನ ಕುರಿ, ಮೇಕೆ, ದನ, ನಾಯಿಯ ಕೂದಲು ತಂದು ನಿಮ್ಮದೇ ಸ್ಲೈಡ್ ಮಾಡಿಟ್ಟುಕೊಳ್ಳಿ. ಕೃಷ್ಣಮೃಗದ ಕೂದಲು ಮಾತ್ರ ಇಲಾಖೆಯವರೇ ಕೊಡಬೇಕು, ಬಿದ್ದದ್ದನ್ನೂ ಎತ್ತಬೇಡಿ.

ಲೆಕ್ಕ ಹೀಗೆ. 40 ಹಿಕ್ಕೆಯಲ್ಲಿ 10ರಲ್ಲಿ ಮೊಲ ಸಿಕ್ಕಿದರೆ ಶೇ. 25. ಆದರೆ ಇದರರ್ಥ ಊಟದಲ್ಲಿ ಕಾಲು ಭಾಗ ಮೊಲ ಅಂತ ಅಲ್ಲ. ಸಣ್ಣ ಪ್ರಾಣಿಗೆ ಮಾಂಸ ಕಡಿಮೆ, ಕೂದಲು ಜಾಸ್ತಿ. ಹಿಕ್ಕೆಯಲ್ಲಿ ಅದರ ಗುರುತು ಹೆಚ್ಚು ಕಾಣುತ್ತದೆ. ಇನ್ನು ಕುರಿ ಕೂದಲು. ನಮ್ಮಪ್ಪ ಕುರಿ ಕಾಯ್ದವರು. 'ಮಗಾ, ರೋಗ ಬಂದು ಸತ್ತ ಕುರೀನ ಕಾವಲಲ್ಲಿ ಬಿಸಾಕ್ತೀವಿ. ತೋಳ ತಿಂದ್ರೆ ಅದು ಕೊಂದಿದ್ದಾ?' ಅಂತ ಕೇಳುತ್ತಿದ್ದರು. ಈ ಪ್ರಶ್ನೆಗೆ ಹಿಕ್ಕೆಯಲ್ಲಿ ಉತ್ತರ ಇಲ್ಲ. ವರದಿಯಲ್ಲಿ 'ಕುರಿ ತಿಂದಿದೆ' ಅಂತ ಬರೆಯಿರಿ, 'ಕುರಿ ಕೊಂದಿದೆ' ಅಂತ ಬರೆಯಬೇಡಿ. ಎಷ್ಟು ತಿಂದಿದೆ ಅನ್ನುವುದೂ ಬೇಕು. ಬ್ರೆಜಿಲ್ ರೈತರು ಮೇನ್ಡ್ ವುಲ್ಫ್ ಅಂದರೆ ಕೋಳಿಕಳ್ಳ ಅನ್ನುತ್ತಾರೆ. ಹಿಕ್ಕೆ ನೋಡಿದರೆ ಅದರ ಊಟದಲ್ಲಿ ಕೋಳಿಯ ಪಾಲು ತೀರಾ ಸಣ್ಣದು.

ನರಿಯ ಹಿಕ್ಕೆಯಲ್ಲಿ ಸಿಕ್ಕ ಎಲಚಿ, ಕಾರೆ ಬೀಜ ಎಸೆಯಬೇಡಿ. ಆದರೆ ಓವನ್ ಕಂಡ ಬೀಜ ಮೊಳೆಯುವುದಿಲ್ಲ. ಮೊಳಕೆ ಪ್ರಯೋಗಕ್ಕೆ ಬೇಕಾದವನ್ನು ಮೊದಲೇ ಗ್ಲೌಸ್ ಹಾಕಿಕೊಂಡು ಇಕ್ಕಳದಲ್ಲಿ ಆರಿಸಿ, ಬೇರೆಯಾಗಿ ತೊಳೆಯಿರಿ. ಒಂದು ಟ್ರೇನಲ್ಲಿ ಈ ಬೀಜ, ಇನ್ನೊಂದರಲ್ಲಿ ಹಣ್ಣಿನಿಂದ ನೇರ ತೆಗೆದ ಬೀಜ, ಎರಡಕ್ಕೂ ಅದೇ ಮಣ್ಣು, ಅಷ್ಟೇ ನೀರು. ಸೆರಾಡೊದಲ್ಲಿ ಮೇನ್ಡ್ ವುಲ್ಫ್ ಹಿಕ್ಕೆಯನ್ನು ಎಲೆ ಕತ್ತರಿಸುವ ಇರುವೆಗಳು ಗೂಡಿಗೆ ಹೊತ್ತೊಯ್ಯುತ್ತವೆ, ಲೊಬೆಯಿರಾ ಗಿಡ ಅಲ್ಲೇ ಏಳುತ್ತದೆ. ನಮ್ಮಲ್ಲಿ ನರಿ ಬಿತ್ತಿದ್ದನ್ನು ಯಾರು ಹೊರುತ್ತಾರೆ ಅಂತ ನೀವೇ ಕೂತು ನೋಡಬಹುದು.

ವರದಿಯ ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೆ ಕೊಡಿ. ಪ್ಲಾಸ್ಟಿಕ್ ಸಿಕ್ಕ ಹಿಕ್ಕೆಗಳ ಫೋಟೊ ಬೇರೆ ಹಾಳೆಗೆ ಅಂಟಿಸಿ, ಯಾವ ಊರಿನ ಕಸದ ತಿಪ್ಪೆ ಹತ್ತಿರ ಅಂತ ಬರೆದು, ಆ ಪಂಚಾಯ್ತಿಗೂ ಒಂದು ಪ್ರತಿ ತಲುಪಿಸಿ. ಸೀಲು ಹಾಕಿಸಿಕೊಳ್ಳುವುದು ಮರೆಯಬೇಡಿ.