ಹಲ್ಲಿನ ಕೆಲಸ ಬಾಣಂತನಕ್ಕೆ ಮುಂದೂಡಬೇಡಿ

"ಹೆರಿಗೆ ಆಗ್ಲಿ ಡಾಕ್ಟ್ರೇ, ಆಮೇಲೆ ನೋಡೋಣ" ಎನ್ನುವ ಬಸುರಿಯರೇ ನಮ್ಮಲ್ಲಿ ಹೆಚ್ಚು. ಆದರೆ ಹೆರಿಗೆಯಾದ ಮೇಲೆ, ಮಗುವಿನ ಲಸಿಕೆಯ ದಿನ ಬಿಟ್ಟರೆ, ಬಾಣಂತಿ ಹೊಸಿಲು ದಾಟುವುದು ಅಪರೂಪ. ದಾಟಿದರೂ ಎರಡು ಗಂಟೆಗೊಮ್ಮೆ ಹಾಲಿಗೆ ಅಳುವ ಮಗುವನ್ನು ಬಿಟ್ಟು ಕುರ್ಚಿಯಲ್ಲಿ ಮುಕ್ಕಾಲು ಗಂಟೆ ಬಾಯಿ ತೆರೆದು ಕೂರುವುದು ಆಗದ ಮಾತು. ಹಾಗಾಗಿ ಹಲ್ಲು ಕ್ಲೀನ್ ಮಾಡುವುದು, ಹುಳುಕು ತುಂಬುವುದು, ರೂಟ್ ಕೆನಾಲ್ ಇವನ್ನೆಲ್ಲ ನಾನು 14ರಿಂದ 28ನೇ ವಾರದೊಳಗೆ ಮುಗಿಸುತ್ತೇನೆ. ಆ ಹೊತ್ತಿಗೆ ವಾಂತಿ ಇಳಿದಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಬಾವು, ಕೀವು, ನಿದ್ದೆಗೆಡಿಸುವ ನೋವು ಇದ್ದರೆ ವಾರದ ಲೆಕ್ಕವಿಲ್ಲ. ಒಂಬತ್ತನೇ ತಿಂಗಳಾದರೂ ಅವತ್ತೇ ಕೈ ಹಾಕಬೇಕು.

ಬಾಯಿ ತೆರೆಸುವ ಮೊದಲು ತಾಯಿ ಕಾರ್ಡ್ ನೋಡುತ್ತೇನೆ: ಎಷ್ಟನೇ ವಾರ, ಬಿಪಿ, ಹಿಮೋಗ್ಲೋಬಿನ್, ಸಕ್ಕರೆ. ಸಕ್ಕರೆ ಏರಿದ್ದರೆ ವಸಡು ಬೇಗ ಕೆಡುತ್ತದೆ.

ವಸಡಿನಿಂದ ರಕ್ತ ಬರುವುದು ಎರಡನೇ ತಿಂಗಳಿಗೆ ಶುರುವಾಗಿ ಎಂಟನೇ ತಿಂಗಳಿಗೆ ಜೋರಾಗುತ್ತದೆ. ಪ್ರೊಜೆಸ್ಟರಾನ್, ಈಸ್ಟ್ರೊಜನ್ ಎಂಬ ಹಾರ್ಮೋನುಗಳು ಏರಿದಾಗ ವಸಡಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಮೊದಲು ಹಲ್ಲಿಗೆ ಅಂಟುವ ಎಷ್ಟು ಪಾಚಿಯನ್ನು (ಬ್ಯಾಕ್ಟೀರಿಯಾದ ಪದರ) ವಸಡು ತಡೆದುಕೊಳ್ಳುತ್ತಿತ್ತೋ ಅಷ್ಟೇ ಪಾಚಿಗೆ ಈಗ ಕೆಂಪಗೆ ಊದಿಕೊಳ್ಳುತ್ತದೆ. ಬೇಸಿನ್‌ನಲ್ಲಿ ಉಗುಳಿದಾಗ ಕೆಂಪು ಕಂಡು ಗಾಬರಿಯಾಗಿ ಆ ಜಾಗವನ್ನೇ ಬಿಟ್ಟು ಉಜ್ಜುತ್ತಾರೆ. ಪಾಚಿ ಇನ್ನಷ್ಟು ಕೂರುತ್ತದೆ, ರಕ್ತವೂ ಹೆಚ್ಚುತ್ತದೆ. ಮಾಡಬೇಕಾದ್ದು ಇದರ ತಿರುಗುಮುರುಗು. ಮೆತ್ತನೆ ಬ್ರಷ್‌ನ ಎಳೆಗಳನ್ನು ಹಲ್ಲು–ವಸಡು ಕೂಡುವ ಗೆರೆಗೆ 45 ಡಿಗ್ರಿ ಓರೆಯಾಗಿ ಇಟ್ಟು, ಎಳೆಯ ತುದಿ ಜಾಗ ಬಿಡದ ಹಾಗೆ ಹತ್ತು ಸಲ ಅಲುಗಿಸಿ, ಕೊನೆಗೆ ಹಲ್ಲಿನ ಅಂಚಿನ ಕಡೆಗೆ ಗುಡಿಸಬೇಕು. ಒಂದು ಸಲಕ್ಕೆ ಎರಡೇ ಹಲ್ಲು, ಒಟ್ಟು ಎರಡು ನಿಮಿಷ. ಒಂದೂವರೆ ವಾರದಲ್ಲಿ ರಕ್ತ ಇಳಿಯದಿದ್ದರೆ ಪಾಚಿ ಗಾರೆಗಟ್ಟಿದೆ ಎಂದರ್ಥ. ಅದು ಬ್ರಷ್‌ಗೆ ಬಗ್ಗುವುದಿಲ್ಲ, ಕೆರೆದು ತೆಗೆಯುವ ಸ್ಕೇಲಿಂಗ್ ಆಗಬೇಕು.

ಕೆಲವರಿಗೆ ಎರಡು ಹಲ್ಲಿನ ನಡುವೆ ಹಿಪ್ಪುನೇರಳೆ ಹಣ್ಣಿನಂಥ ಕೆಂಪು ಗಂಟು ಏಳುತ್ತದೆ. ಮುಟ್ಟಿದರೆ ರಕ್ತ. ಕ್ಯಾನ್ಸರ್ ಅಲ್ಲ. ಬಸುರಿನಲ್ಲೇ ಕತ್ತರಿಸಿದರೆ ಮತ್ತೆ ಬೆಳೆಯುವ ಸಾಧ್ಯತೆ ಹೆಚ್ಚು, ಹೆರಿಗೆಯ ಬಳಿಕ ಎಷ್ಟೋ ಸಲ ತಾನೇ ಇಳಿಯುತ್ತದೆ. ಹಾಗಾಗಿ ಊಟಕ್ಕೆ ಅಡ್ಡಬಂದರೆ ಅಥವಾ ರಕ್ತ ನಿಲ್ಲದಿದ್ದರೆ ಮಾತ್ರ ತೆಗೆಯುತ್ತೇನೆ.

ವಾಂತಿಯ ವಿಷಯದಲ್ಲಿ ಅಚ್ಚುಕಟ್ಟಿನವರೇ ಹೆಚ್ಚು ಎಡವುತ್ತಾರೆ. ವಾಂತಿಯಾದ ಕೂಡಲೇ ಬಾಯಿ ಚೊಕ್ಕ ಮಾಡೋಣವೆಂದು ಬ್ರಷ್ ಹಿಡಿಯುತ್ತಾರೆ. ಹೊಟ್ಟೆಯ ಆಮ್ಲದಿಂದ ಹಲ್ಲಿನ ಹೊರಪದರ ಎನಾಮಲ್ ಮೆತ್ತಗಾಗಿರುವಾಗ ಉಜ್ಜಿದರೆ ಅದು ಸವೆದೇ ಹೋಗುತ್ತದೆ. ಸವೆತ ಮೊದಲು ಕಾಣುವುದು ಮೇಲಿನ ಮುಂಬಲ್ಲಿನ ಒಳಮೈಯಲ್ಲಿ. ಕನ್ನಡಿಗೆ ಕಾಣದ ಜಾಗ, ನಾಲಿಗೆಗೆ ನುಣುಪಾಗಿ ತಗಲುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿ ಉಗುಳಿ, ನುಂಗಬೇಡಿ. ಒಂದು ಗಂಟೆ ಬಿಟ್ಟು ಬ್ರಷ್. ಬಯಕೆಗೆ ಹುಣಸೆಹಣ್ಣು, ಮಾವಿನಕಾಯಿ ಚೀಪಿದ ಮೇಲೂ ಹೀಗೇ.

ಬ್ರಷ್ ಬಾಯಿಗಿಟ್ಟರೇ ಓಕರಿಕೆ ಬರುವವರು ಮಕ್ಕಳ ಬ್ರಷ್ ತೆಗೆದುಕೊಳ್ಳಿ. ತಲೆ ಮುಂದಕ್ಕೆ ಬಾಗಿಸಿ, ಮೂಗಿನಲ್ಲಿ ಉಸಿರಾಡುತ್ತ ಉಜ್ಜಿ. ನೊರೆಯನ್ನೇ ಸಹಿಸಲಾಗದಿದ್ದರೆ ಬೆಳಗ್ಗೆ ಬರೀ ನೀರಿನ ಬ್ರಷ್ ಸಾಕು, ಪೇಸ್ಟನ್ನು ಹೊಟ್ಟೆ ಶಾಂತವಾಗಿರುವ ಹೊತ್ತಿಗೆ ಇಟ್ಟುಕೊಳ್ಳಿ. ಟ್ಯೂಬಿನ ಹಿಂಬದಿ 1000 ಪಿಪಿಎಂ ಫ್ಲೋರೈಡ್ ಎಂದು ಬರೆದಿದೆಯೇ ನೋಡಿ. ಗಿಡಮೂಲಿಕೆ ಪೇಸ್ಟ್ ಹಲವಕ್ಕೆ ಫ್ಲೋರೈಡೇ ಇರುವುದಿಲ್ಲ. ಉಜ್ಜಿ ಉಗುಳಿದ ಮೇಲೆ ನೀರಿನಲ್ಲಿ ಮುಕ್ಕಳಿಸಬೇಡಿ.

"ಮಗು ಹಲ್ಲಿನ ಕ್ಯಾಲ್ಸಿಯಂ ಎಳಕೊಳ್ಳುತ್ತೆ, ಒಂದು ಹೆರಿಗೆಗೆ ಒಂದು ಹಲ್ಲು" ಎಂಬ ಮಾತನ್ನು ನಂಬಿ ಹುಳುಕನ್ನು ಹಣೆಬರಹ ಎಂದುಕೊಳ್ಳುವವರಿದ್ದಾರೆ. ಬೆಳೆದ ಹಲ್ಲಿನಿಂದ ಕ್ಯಾಲ್ಸಿಯಂ ಹೊರಹೋಗಿ ಮಗುವಿಗೆ ಸೇರುವ ದಾರಿಯೇ ಇಲ್ಲ. ಮಾತ್ರೆ ಬೇಕಾಗಿರುವುದು ಮೂಳೆಗೆ.

ಕುರ್ಚಿಯಲ್ಲಿ ಪೂರ್ತಿ ಅಂಗಾತ ಮಲಗಿಸುವುದಿಲ್ಲ. ಐದನೇ ತಿಂಗಳು ದಾಟಿದ ಮೇಲೆ ಬಲ ಸೊಂಟದಡಿ ದಿಂಬು ಕೊಟ್ಟು ಎಡಕ್ಕೆ ಸ್ವಲ್ಪ ವಾಲಿಸುತ್ತೇನೆ. ಅಂಗಾತ ಮಲಗಿದರೆ ಗರ್ಭಕೋಶವು ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳವನ್ನು ಒತ್ತಿ ಬಿಪಿ ಇಳಿಯುತ್ತದೆ. ಬೆವರು, ತಲೆಸುತ್ತು ಕಂಡರೆ ಕೆಲಸ ನಿಲ್ಲಿಸಿ ಪೂರ್ತಿ ಎಡಮಗ್ಗುಲಿಗೆ ಹೊರಳಿಸಬೇಕು. ಮರಗಟ್ಟಿಸಲು 2 ಶೇಕಡಾ ಲಿಗ್ನೊಕೇನ್ ಕೊಡಬಹುದು. ಬೇಕಾದ ಹಲ್ಲಿಗೆ ಮಾತ್ರ, ಸೀಸದ ಏಪ್ರನ್ ಮತ್ತು ಥೈರಾಯ್ಡ್ ಕಾಲರ್ ಹಾಕಿ, ಎಕ್ಸ್‌ರೇ ತೆಗೆಯಬಹುದು. ನೋವಿಗೆ ಪ್ಯಾರಾಸಿಟಮಾಲ್, ಸೋಂಕಿಗೆ, ಅಲರ್ಜಿ ಇಲ್ಲದಿದ್ದರೆ, ಅಮಾಕ್ಸಿಸಿಲಿನ್. ಡಾಕ್ಸಿಸೈಕ್ಲಿನ್ ಬೇಡ, ಮಗುವಿನ ಹಲ್ಲಿಗೆ ಬಣ್ಣ ಹತ್ತಬಹುದು. ಐಬುಪ್ರೊಫೆನ್, ಡೈಕ್ಲೊಫಿನಾಕ್ 20ನೇ ವಾರದ ಮೇಲೆ ಸಲ್ಲದು, ನಾನಂತೂ ಬಸುರಿನುದ್ದಕ್ಕೂ ಬರೆಯುವುದಿಲ್ಲ. ಮೆಡಿಕಲ್ ಶಾಪಿನಲ್ಲಿ "ಹಲ್ಲು ನೋವಿನ ಮಾತ್ರೆ" ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಇವೇ.

ಬಾಣಂತಿಯ ಅಂಟಿನ ಉಂಡೆಯನ್ನು ನಾನು ಬೇಡ ಎನ್ನುವುದಿಲ್ಲ, ಎಂದರೂ ಅಜ್ಜಿಯರು ಕೇಳುವುದಿಲ್ಲ. ಅಂಟು, ಬೆಲ್ಲ, ಉತ್ತುತ್ತೆ ಮೂರೂ ದವಡೆ ಹಲ್ಲಿನ ಗುಂಡಿಗೆ ಮೆತ್ತಿಕೊಳ್ಳುವಂಥವು. ದಿಂಬಿನ ಪಕ್ಕ ಡಬ್ಬ ಇಟ್ಟುಕೊಂಡು ದಿನವಿಡೀ ಚೂರು ಚೂರು ತಿನ್ನುವ ಬದಲು ಊಟದ ಜೊತೆಗೇ ತಿಂದು ಮುಗಿಸಿ. ರಾತ್ರಿ ಹಾಲು ಕುಡಿಸುವಾಗ ಹಸಿವಾಗಿ ತಿಂದರೆ ಎರಡು ಗುಟುಕು ನೀರು ಮುಕ್ಕಳಿಸಿ. ಬಾಣಂತಿ ಹಲ್ಲುಜ್ಜಿದರೆ ಹಲ್ಲು ಸಡಿಲವಾಗುತ್ತದೆ ಎನ್ನುವ ಮನೆಗಳಲ್ಲಿ ಜಗಳಕ್ಕಿಂತ ಬಿಸಿನೀರು ಕೆಲಸಕ್ಕೆ ಬರುತ್ತದೆ: ಅವರ ಹೆದರಿಕೆ ಇರುವುದು ತಣ್ಣೀರಿನ ಬಗ್ಗೆ. ಊಟದ ಮೇಲಿನ ಎಲೆಗೆ ಅಡಿಕೆ ಹಾಕಬೇಡಿ.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೂ ಎದೆಹಾಲು ನಿಲ್ಲಿಸಬೇಕಿಲ್ಲ. ನಿಮ್ಮ ಹುಳುಕಿನ ಬ್ಯಾಕ್ಟೀರಿಯಾ ಎಂಜಲಿನಿಂದ ಮಗುವಿನ ಬಾಯಿಗೆ ಹೋಗುತ್ತದೆ. ಬಿಸಿ ನೋಡಲು ಅದೇ ಚಮಚಕ್ಕೆ ಬಾಯಿ ಹಾಕುವುದು, ಅಗಿದು ತಿನ್ನಿಸುವುದು ಬಿಡಿ. ಮೊದಲ ಹಲ್ಲು ಕಂಡ ದಿನದಿಂದ ಅಕ್ಕಿಕಾಳಿನಷ್ಟು ಪೇಸ್ಟ್ ಹಚ್ಚಿ ಉಜ್ಜಿ.

ತಾಯಿಯ ಮುಂದಿನ ಭೇಟಿಯನ್ನು ಮಗುವಿನ 14ನೇ ವಾರದ ಲಸಿಕೆಯ ದಿನಕ್ಕೇ ಬರೆದುಕೊಡುತ್ತೇನೆ. ಹೇಗೂ ಅವತ್ತು ಮನೆಯಿಂದ ಹೊರಟಿರುತ್ತಾರೆ. ಗಂಟು ಇಳಿದಿದೆಯೇ, ವಸಡಿನ ರಕ್ತ ನಿಂತಿದೆಯೇ ನೋಡಿ, ರೂಟ್ ಕೆನಾಲ್ ಆದ ಹಲ್ಲಿಗೆ ಕ್ಯಾಪ್‌ನ ಅಳತೆ ತೆಗೆಯಲು ಅರ್ಧ ಗಂಟೆ ಸಾಕು. ಅಷ್ಟು ಹೊತ್ತು ಮಗು ಅಜ್ಜಿಯ ತೊಡೆಯ ಮೇಲಿರುತ್ತದೆ.