ರೆಕ್ಲಮೊವತ್: ಚೆಕ್ ದೇಶಕ್ಕೆ ಬಂದ ಕನ್ನಡಿಗರಿಗೆ ಮೊದಲು ಬೇಕಾದ ಕ್ರಿಯಾಪದ

ಪ್ರಾಗ್‌ಗೋ ಬರ್ನೋಗೋ ಹೊಸದಾಗಿ ಬಂದವರಿಗೆ ನಾನು ಮೊದಲು ಕಲಿಸುವ ಕ್ರಿಯಾಪದ ‘ರೆಕ್ಲಮೊವತ್’. ಊರ ತುಂಬಾ ಕಾಣುವ ‘ರೆಕ್ಲಮ’ ಅಂದರೆ ಜಾಹೀರಾತು, ಹಾಗಾಗಿ ಜಾಸ್ತಿ ಜನ ಗೊಂದಲಕ್ಕೆ ಬೀಳುತ್ತಾರೆ. ರೆಕ್ಲಮೊವತ್ ಅಂದರೆ ಕೊಂಡ ವಸ್ತು ಕೆಟ್ಟಿದೆ ಎಂದು ಅಂಗಡಿಗೆ ಹೋಗಿ ಪರಿಹಾರ ಕೇಳುವುದು. ಎರಡಕ್ಕೂ ಬೇರು ಲ್ಯಾಟಿನ್‌ನ ‘ರೆಕ್ಲಾಮಾರೆ’: ವಿರೋಧಿಸಿ ಕೂಗುವುದು.

ಈಗ ರೂಪಗಳು. ಕೊನೆಯ ‘ಒವತ್’ ತೆಗೆದು ‘ಉಯ್’ ಸೇರಿಸಿ, ಅಷ್ಟೇ. ನಾನು ರೆಕ್ಲಮುಯು, ನೀನು ರೆಕ್ಲಮುಯೆಶ್, ಅವನು ಅಥವಾ ಅವಳು ರೆಕ್ಲಮುಯೆ, ನಾವು ರೆಕ್ಲಮುಯೆಮೆ, ನೀವು ರೆಕ್ಲಮುಯೆತೆ, ಅವರು ರೆಕ್ಲಮುಯೀ. ಬರಹದಲ್ಲಿ ‘ನಾನು’ ರೂಪ ರೆಕ್ಲಮುಯಿ ಎಂದೂ ಇರುತ್ತದೆ. ಅಂಗಡಿಯಲ್ಲಿ ಯಾವಾಗಲೂ ‘ನೀವು’ ರೂಪವನ್ನೇ ಬಳಸಿ. ಒತ್ತು ಮೊದಲ ಅಕ್ಷರದ ಮೇಲೆ. ಭೂತಕಾಲದಲ್ಲಿ ಮಾತ್ರ ಹುಷಾರು: ಕನ್ನಡದಲ್ಲಿ ‘ಕೇಳಿದೆ’ ಗಂಡಿಗೂ ಹೆಣ್ಣಿಗೂ ಒಂದೇ, ಇಲ್ಲಿ ಗಂಡಸು ‘ರೆಕ್ಲಮೊವಲ್ ಸೆಮ್’ ಅನ್ನಬೇಕು, ಹೆಂಗಸು ‘ರೆಕ್ಲಮೊವಲ ಸೆಮ್’.

ಇದೊಂದು ಬಂದರೆ ಸ್ತುದೊವತ್ (ಓದುವುದು), ರೆಜೆರ್ವೊವತ್ (ಕಾಯ್ದಿರಿಸುವುದು), ಫುಂಗೊವತ್ (ಯಂತ್ರ ಇತ್ಯಾದಿ ಕೆಲಸ ಮಾಡುವುದು) ಎಲ್ಲವೂ ಇದೇ ದಾರಿಯಲ್ಲಿ ಬರುತ್ತವೆ. ನಾವು ಇಂಗ್ಲಿಷ್ ಪದಕ್ಕೆ ‘ಮಾಡು’ ಸೇರಿಸಿ ‘ಬುಕ್ ಮಾಡು’ ಅನ್ನುತ್ತೇವಲ್ವಾ, ಚೆಕ್ಕರು ಹೊರಗಿನ ಪದಕ್ಕೆ ‘ಒವತ್’ ಸೇರಿಸುತ್ತಾರೆ.

ಚಳಿಗಾಲದ ಬೂಟಿನ ಅಡಿ ಕಿತ್ತುಬಂತು ಅಂತಿಟ್ಟುಕೊಳ್ಳಿ. ಕೌಂಟರ್‌ನಲ್ಲಿ ‘ತ್ಸೊ ರೆಕ್ಲಮುಯೆತೆ?’ ಎಂದು ಕೇಳುತ್ತಾರೆ, ‘ಏನರ ಬಗ್ಗೆ ದೂರು?’ ಎಂದು. ‘ರೆಕ್ಲಮುಯು ತಿಹ್ಲೆ ಬೊತಿ’ ಅನ್ನಿ, ‘ಈ ಬೂಟುಗಳನ್ನು’ ಎಂದು. ಆಮೇಲೆ ‘ಊಚ್ತೆಂಕ’ ಕೇಳಬಹುದು, ಅಂದರೆ ರಸೀದಿ. ಅದು ಕಳೆದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ, ಮೂಲ ಡಬ್ಬಿ ಬೇಕಿಲ್ಲ. ದೂರು ಸ್ವೀಕರಿಸಿದ ಲಿಖಿತ ಪತ್ರ ಕೈಗೆ ಬರುವ ತನಕ ಅಲ್ಲಿಂದ ಕದಲಬೇಡಿ. ದೋಷದ ದೂರಿಗೆ ಹೊಸ ವಸ್ತುವಿನ ಮೇಲೆ 2 ವರ್ಷ ಅವಕಾಶ ಇದೆ. ಅಂಗಡಿಯವರು 30 ದಿನದೊಳಗೆ ಇತ್ಯರ್ಥ ಮಾಡಬೇಕು. ಬಳಸಿ ಸವೆದದ್ದಕ್ಕೆ ಇದು ಅನ್ವಯಿಸುವುದಿಲ್ಲ.

ಸುಮ್ನೆ ಇಷ್ಟವಾಗಲಿಲ್ಲ ಎಂದು ಹಿಂದಿರುಗಿಸುವುದು ಬೇರೆ ವಿಷಯ, ಅದಕ್ಕೆ ‘ವ್ರಾತಿತ್’ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಕೊಂಡದ್ದಕ್ಕೆ ಸಾಮಾನ್ಯವಾಗಿ 14 ದಿನ ಸಿಗುತ್ತದೆ.