ಹಳೆಯ ಆರ್‌ಸಿ10 ಬಗ್ಗಿಯನ್ನು ಮತ್ತೆ ರೇಸಿಗಿಳಿಸುವುದು: ನನ್ನ ಅನುಭವ

ಟೀಮ್ ಅಸೋಸಿಯೇಟೆಡ್‌ನ ಆರ್‌ಸಿ10 ಕ್ಯಾಲಿಫೋರ್ನಿಯಾದಲ್ಲಿ 1984ರಲ್ಲಿ ಹುಟ್ಟಿದ, ರಿಮೋಟಿನಿಂದ ಓಡಿಸುವ 1:10 ಅಳತೆಯ ಬಗ್ಗಿ, ಅಂದರೆ ಮಣ್ಣಿನ ಟ್ರ್ಯಾಕಿನ ರೇಸ್ ಕಾರು. ಮರುವರ್ಷ ನಡೆದ ಮೊದಲ ಆಫ್‌ರೋಡ್ ವಿಶ್ವ ಚಾಂಪಿಯನ್‌ಶಿಪ್‌ನ ಟೂ-ವೀಲ್ ಡ್ರೈವ್ ವಿಭಾಗವನ್ನು ಗೆದ್ದದ್ದು ಇದೇ ಕಾರು. ಇಂಥದ್ದೊಂದು ಕೈಗೆ ಬಂದರೆ ಹೆಚ್ಚಿನವರು ಮೊದಲು ಮೋಟರ್ ಬದಲಿಸುತ್ತಾರೆ. ನಾನು ಮೋಟರನ್ನು ಕಟ್ಟಕಡೆಗೆ ಮುಟ್ಟುತ್ತೇನೆ. ಈ ವಯಸ್ಸಿನ ಕಾರನ್ನು ರೇಸಿನಲ್ಲಿ ಮುರಿಯುವುದು ಒಣಗಿದ ನೈಲಾನ್ ಮತ್ತು ಕೆಟ್ಟ ಥ್ರೆಡ್ (ಸ್ಕ್ರೂ ಹಿಡಿಯುವ ಸುರುಳಿ ಗೆರೆ). ಅವೆರಡೂ ಸರಿಯಾಗದೆ ಶಕ್ತಿ ಕೊಟ್ಟರೆ ಮೊದಲ ಜಂಪಿನಲ್ಲೇ ಚಕ್ರ ಹಿಡಿದಿಡುವ ಸಸ್ಪೆನ್ಷನ್ ತೋಳು ಹೋಗುತ್ತದೆ.

ಬಿಚ್ಚುವ ಮುಂಚೆ ಅಲೆನ್ ಕೀ ಸರಿಯಿರಬೇಕು. ಕಾರು ಪೂರ್ತಿ ಇಂಚಿನ ಲೆಕ್ಕದ್ದು. 4-40 (ಇಂಚಿನ ಲೆಕ್ಕದ ಒಂದು ಸ್ಕ್ರೂ ಅಳತೆ) ಕ್ಯಾಪ್ ಸ್ಕ್ರೂಗೆ 3/32 ಇಂಚಿನ ಕೀ ಬೇಕು, ಅಂದರೆ 2.38 ಮಿ.ಮೀ. ನಮ್ಮ ಹಾರ್ಡ್‌ವೇರ್ ಅಂಗಡಿಗಳ 2.5 ಮಿ.ಮೀ. ಕೀ ಅದರೊಳಗೆ ಇಳಿಯುವುದೇ ಇಲ್ಲ. ಬಟನ್ ಹೆಡ್‌ಗೆ ಬೇಕಾದದ್ದು 1/16 ಇಂಚು, ಅಲ್ಲಿ 1.5 ಮಿ.ಮೀ. ಕೀ ಹಾಕಿ ತಿರುಗಿಸಿದರೆ ತಲೆಯ ಮೂಲೆಗಳು ಸವೆದು ದುಂಡಗಾಗುತ್ತವೆ. ಕಳೆದುಹೋದ ಸ್ಕ್ರೂ ಜಾಗಕ್ಕೆ 3 ಮಿ.ಮೀ.ನ ಎಂ3 ಸ್ಕ್ರೂ ತುರುಕುವುದು ಇನ್ನೂ ದೊಡ್ಡ ಅನಾಹುತ. 4-40ರ ವ್ಯಾಸ 2.84 ಮಿ.ಮೀ., ಪಿಚ್ (ಥ್ರೆಡ್‌ನ ಸುತ್ತುಗಳ ನಡುವಿನ ಅಂತರ) 0.635 ಮಿ.ಮೀ., ಎಂ3ಯ ಪಿಚ್ 0.5 ಮಿ.ಮೀ. ಎರಡು ಸುತ್ತು ಹೋದಂತೆ ಅನಿಸುತ್ತದೆ, ಅಷ್ಟರಲ್ಲಿ ಅಲ್ಯೂಮಿನಿಯಂ ಥ್ರೆಡ್ ಕಿತ್ತಿರುತ್ತದೆ. ಥ್ರೆಡ್ ಕೊರೆಯುವ ಒಂದು 4-40 ಟ್ಯಾಪ್ ತರಿಸಿಕೊಂಡು ಎಲ್ಲ ತೂತುಗಳಲ್ಲೂ ಕೈಯಲ್ಲೇ ಒಮ್ಮೆ ಆಡಿಸಿ. ಬೇರಿಂಗಿನಲ್ಲೂ ಇದೇ ಎಚ್ಚರ ಬೇಕು: 3/16 ಇಂಚಿನ ಆಕ್ಸಲ್‌ಗೆ 5 ಮಿ.ಮೀ. ಬೇರಿಂಗ್ ಹಾಕಿದರೆ ಚಕ್ರ ಅಲುಗುತ್ತದೆ.

ಚಿನ್ನದ ಬಣ್ಣದ ಚಾಸಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಮೆತ್ತನೆಯ ಬ್ರಷ್‌ನಿಂದಷ್ಟೇ ತೊಳೆಯಿರಿ. ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಹತ್ತಿರ ಸುಳಿಯಬಾರದು. ಕ್ಷಾರ ಆನೊಡೈಸ್ ಪದರವನ್ನೇ (ಅಲ್ಯೂಮಿನಿಯಂ ಮೇಲಿನ ಬಣ್ಣದ ರಕ್ಷಣಾ ಪದರ) ತಿನ್ನುತ್ತದೆ, ಹೋದ ಬಣ್ಣ ಉಜ್ಜಿದರೆ ಬರುವುದಿಲ್ಲ.

ಈಗ ನೈಲಾನ್. ತೋಳು, ಚಕ್ರದ ಆಕ್ಸಲ್ ಕೂರುವ ಹಬ್ ಕ್ಯಾರಿಯರ್, ಸ್ಟೀರಿಂಗ್ ಬ್ಲಾಕ್ ಎಲ್ಲವೂ ನೈಲಾನಿನವು. ನೈಲಾನ್ ಗಾಳಿಯ ತೇವ ಹೀರಿಕೊಂಡೇ ಗಟ್ಟಿತನದ ಜೊತೆಗೆ ಬಾಗುವ ಗುಣವನ್ನೂ ಉಳಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಡಬ್ಬದಲ್ಲಿ ಒಣಗಿದರೆ ಗಾಜಿನಂತೆ ಸಿಡಿಯುತ್ತದೆ. ಭಾಗಗಳನ್ನು ಅಗಲವಾದ ಪಾತ್ರೆಯಲ್ಲಿ ಪೂರ್ತಿ ಮುಳುಗಿಸಿ ಸಣ್ಣ ಉರಿಯಲ್ಲಿ ಸುಮಾರು 20 ನಿಮಿಷ ಕುದಿಸಿ, ಅದೇ ನೀರಿನಲ್ಲಿ ರಾತ್ರಿಯಿಡೀ ಆರಲು ಬಿಡಿ. ಪಾತ್ರೆಯ ತಳಕ್ಕೆ ತಾಗದಂತೆ ಕೆಳಗೊಂದು ಬಟ್ಟೆ ಹಾಸಿ. ಹಳದಿಯಾದ ಬಿಳಿ ಭಾಗಗಳನ್ನು ಕಪ್ಪು ಮಾಡುವುದಿದ್ದರೆ ರೇಷ್ಮೆಗೆ ಹಾಕುವ ಆಸಿಡ್ ಡೈ ಸಾಕು, ಜೊತೆಗೆ ಸ್ವಲ್ಪ ವಿನೆಗರ್. ಹತ್ತಿಯ ಬಣ್ಣ ಹಿಡಿಯುವುದಿಲ್ಲ. ಆರಿದ ಮೇಲೆ ಪ್ರತಿ ತೋಳನ್ನೂ ಬೆಳಕಿಗೆ ಹಿಡಿದು ಮೆಲ್ಲಗೆ ಬಗ್ಗಿಸಿ. ಪಿನ್ ತೂತಿನ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ ಮೂಡಿದರೆ ಅದು ಷೋಕೇಸಿಗೆ ಸರಿ, ರೇಸಿಗಲ್ಲ. ಕಂಪನಿ 2013ರಲ್ಲಿ ಕಾರನ್ನು ಮರುಬಿಡುಗಡೆ ಮಾಡಿದ್ದರಿಂದ ಹೊಸ ತೋಳುಗಳನ್ನು ಹುಡುಕುವುದು ಮೊದಲಿನಷ್ಟು ಕಷ್ಟವಿಲ್ಲ.

ಶಾಕ್‌ಗಳಿಗೆ (ಶಾಕ್ ಅಬ್ಸಾರ್ಬರ್) ಹೊಸ ಓ-ರಿಂಗ್, 30 ವೆಯ್ಟ್ (ಆಯಿಲಿನ ಮಂದತನದ ಅಳತೆ) ಸಿಲಿಕಾನ್ ಆಯಿಲ್. ಶಾಫ್ಟ್ ಮೇಲೆ ಉಗುರಿಗೆ ಸಿಗುವ ಗೀರಿದ್ದರೆ ಯಾವ ಓ-ರಿಂಗೂ ಸೋರಿಕೆ ತಡೆಯದು, ಶಾಫ್ಟನ್ನೇ ಬದಲಿಸಿ. ಆಯಿಲ್ ತುಂಬಿ ಪಿಸ್ಟನ್ನನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ, ಗುಳ್ಳೆ ಏರುವವರೆಗೆ ಬಿಟ್ಟು ಆಮೇಲೆ ಮುಚ್ಚಳ ಹಾಕಿ. ಬ್ಯಾಟರಿ ಸಮೇತ ಕಾರನ್ನು 15 ಸೆಂ.ಮೀ. ಎತ್ತರದಿಂದ ಬಿಟ್ಟಾಗ ಅದು ಪುಟಿಯದೆ ಕೂರಬೇಕು, ಕೂತಾಗ ಹಿಂದಿನ ಡ್ರೈವ್ ಶಾಫ್ಟ್‌ಗಳು ನೆಲಕ್ಕೆ ಸಮಾಂತರವಾಗಿರಬೇಕು.

ಮೊದಲ ಕಾಲದ ಆರು ಗೇರಿನ ಗೇರ್‌ಬಾಕ್ಸಿನಲ್ಲಿ ಎಳೆತ ಮಿತಿ ಮೀರಿದಾಗ ಜಾರಿಕೊಡುವ ಸ್ಲಿಪ್ಪರ್ ಕ್ಲಚ್ ಇಲ್ಲ. ಮೋಟರಿನ ಎಳೆತವೆಲ್ಲ ನೇರವಾಗಿ ಬಾಲ್ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಗುಂಡುಗಳಿರುವ ಭಾಗ) ಮೇಲೆ ಬೀಳುತ್ತದೆ. ಅದರ ರಿಂಗುಗಳಲ್ಲಿ ಗುಂಡುಗಳ ಜಾಡು ಕಂಡರೆ ತಿರುಗಿಸಿ ಹಾಕಿ; ಎರಡೂ ಬದಿ ಸವೆದಿದ್ದರೆ ಗಾಜಿನ ಮೇಲೆ 600 ನಂಬರಿನ ಸ್ಯಾಂಡ್‌ಪೇಪರ್ ಇಟ್ಟು ಸಮ ಮಾಡಿ. ಗುಂಡುಗಳಿಗೆ ಸಿಲಿಕಾನ್ ಡಿಫ್ ಗ್ರೀಸ್, ಥ್ರಸ್ಟ್ ಬೇರಿಂಗಿಗೆ ಕಪ್ಪು ಗ್ರೀಸ್. ಇವನ್ನು ಅದಲು ಬದಲು ಮಾಡಬೇಡಿ. ಎರಡೂ ಹಿಂಚಕ್ರ ಬಿಗಿಯಾಗಿ ಹಿಡಿದು ಸ್ಪರ್ ಗೇರನ್ನು (ಮೋಟರ್ ತಿರುಗಿಸುವ ದೊಡ್ಡ ಗೇರು) ಹೆಬ್ಬೆರಳಿಂದ ತಳ್ಳಿದಾಗ ಜಾರಬಾರದು. ಜಾರುತ್ತಿದ್ದರೆ ಒಂದೇ ಓಟದಲ್ಲಿ ರಿಂಗ್ ಸುಟ್ಟುಹೋಗುತ್ತದೆ.

ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ನನಗೆ ಹಳೆಯದರ ಮೋಹವಿಲ್ಲ. ರೆಸಿಸ್ಟರ್ ಕಾಯಿಸುವ ಮೆಕ್ಯಾನಿಕಲ್ ಸ್ಪೀಡ್ ಕಂಟ್ರೋಲರನ್ನು ತೆಗೆದಿಟ್ಟು 2.4 ಗಿಗಾಹರ್ಟ್ಸ್ ರಿಸೀವರ್, ಲಿಪೋ ಕಟ್‌ಆಫ್ (ಲಿಥಿಯಂ ಪಾಲಿಮರ್ ಬ್ಯಾಟರಿ ಅತಿಯಾಗಿ ಖಾಲಿಯಾಗದಂತೆ ನಿಲ್ಲಿಸುವ ವ್ಯವಸ್ಥೆ) ಇರುವ ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್ ಹಾಕುತ್ತೇನೆ. ಕಟ್‌ಆಫ್ ಪ್ರತಿ ಸೆಲ್‌ಗೆ 3.2 ವೋಲ್ಟ್. ಬ್ಯಾಟರಿ ಹಾರ್ಡ್‌ಕೇಸ್ 2ಎಸ್ (ಎರಡು ಸೆಲ್‌ನದು) ಮಾತ್ರ, ಸುತ್ತ ತೆಳು ಫೋಮ್. ಅಲ್ಯೂಮಿನಿಯಂ ಅಂಚು ತಾಗುವ ಕಡೆಯೆಲ್ಲ ವೈರಿಗೆ ಸ್ಲೀವ್ ಹಾಕಲೇಬೇಕು. ಇನ್ಸುಲೇಶನ್ ಸವೆದರೆ ಇಡೀ ಚಾಸಿಗೇ ಕರೆಂಟು ಹರಿದು ಶಾರ್ಟ್ ಆಗುತ್ತದೆ.

ಈಗ ಮೋಟರ್. 27 ಟರ್ನ್‌ನ (ಟರ್ನ್ ಅಂದರೆ ತಂತಿಯ ಸುತ್ತು; ಹೆಚ್ಚಾದಷ್ಟೂ ಮೋಟರ್ ನಿಧಾನ) ಬ್ರಷ್ ಮೋಟರ್ ಇಲ್ಲವೇ ಟೈಮಿಂಗ್ ಸೊನ್ನೆಗಿಟ್ಟ 17.5 ಟರ್ನ್ ಬ್ರಷ್‌ಲೆಸ್ ಈ ಗೇರ್‌ಬಾಕ್ಸಿಗೆ ತಕ್ಕದ್ದು. ಬ್ರಷ್‌ಲೆಸ್ ಆದರೆ ಇಎಸ್‌ಸಿಯ ಪಂಚ್ (ಹೊರಡುವಾಗಿನ ಎಳೆತದ ಸೆಟ್ಟಿಂಗ್) ತೀರಾ ಕೆಳಗಿಡಿ; ಸ್ಲಿಪ್ಪರ್ ಇಲ್ಲದ ಕೊರತೆಯನ್ನು ಅದೇ ತುಂಬಬೇಕು. ಬ್ರಷ್ ಮೋಟರಿಗೆ 0.1 ಮೈಕ್ರೋಫ್ಯಾರಡ್‌ನ ಮೂರು ಕೆಪ್ಯಾಸಿಟರ್ ಬೆಸುಗೆ ಹಾಕಿ: ಎರಡು ಟರ್ಮಿನಲ್‌ಗಳ ನಡುವೆ ಒಂದು, ಪ್ರತಿ ಟರ್ಮಿನಲ್‌ನಿಂದ ಮೋಟರಿನ ಮೈಗೆ ಒಂದೊಂದು. ಪಿನಿಯನ್ (ಮೋಟರಿನ ಸಣ್ಣ ಗೇರು) ಮತ್ತು ಸ್ಪರ್ ನಡುವೆ ತೆಳು ಕಾಗದದ ಪಟ್ಟಿ ಹಾಯಿಸಿ ಮೆಶ್ (ಹಲ್ಲುಗಳ ಹೊಂದಿಕೆ) ಕೂರಿಸಿ. ಕಾಗದ ಹರಿಯದೆ ನೆರಿಗೆಯಾಗಿ ಹೊರಬರಬೇಕು. ಸಣ್ಣ ಪಿನಿಯನ್‌ನಿಂದ ಆರಂಭಿಸಿ ಐದು ನಿಮಿಷ ಓಡಿಸಿ ಮೋಟರಿನ ಬಿಸಿ ಅಳೆಯಿರಿ. 80 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದು ಹಲ್ಲು ಕಡಿಮೆಯದು ಹಾಕಿ, 60ರ ಒಳಗಿದ್ದರೆ ಒಂದು ಹಲ್ಲು ಏರಿಸಿ, ಮತ್ತೆ ಮೆಶ್ ನೋಡಿ.